ಒಂದೋಟು ಬೋರೇಗೌಡರು ಗೆದ್ದ ದಿನ

ನನ್ನ ತಮ್ಮನ ಮಗಳು ಚೈತ್ರಾಳಿಗೆ ಸಹಕಾರ ಇಲಾಖೆಯಲ್ಲಿ ಕೆಲಸ ಸಿಕ್ಕಿ ಕೆ.ಆರ್. ಪೇಟೆಗೆ ಹಾಕಿದ್ದಾರೆ. ಹೆಚ್ಚುಕಡಿಮೆ ನಾನು ಬಿಟ್ಟು ಬಂದ ಕುರ್ಚಿಯಲ್ಲೇ ಅವಳು ಕೂತಿರುವುದು. ಈಚೆಗೆ ಒಂದು ಭಾನುವಾರ ಗಂಜಾಂನ ನಮ್ಮ ಮನೆಗೆ ಊಟಕ್ಕೆ ಬಂದವಳು ಒಂದು ಕೈಯಲ್ಲಿ ಮುದ್ದೆ ಮುರಿಯುತ್ತ ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಯಾವುದೋ ಪರದೇಶದ ಅಧ್ಯಕ್ಷರ ಚುನಾವಣೆಗಳ ಇತಿಹಾಸ ನೋಡುತ್ತಿದ್ದಳು. ಯಾವ ಅಧ್ಯಕ್ಷ ಎಷ್ಟು ಭಾರಿ ಅಂತರದಿಂದ ಗೆದ್ದ, ಎದುರಾಳಿ ಹೇಗೆ ಮಣ್ಣು ಮುಕ್ಕಿದ, ಇಡೀ ದೇಶದ ನಕ್ಷೆ ಹೇಗೆ ಒಂದೇ ಬಣ್ಣಕ್ಕೆ ತಿರುಗಿತು ಎಂದೆಲ್ಲ ಅದರಲ್ಲಿ ಬರುತ್ತಿತ್ತು.

"ಅತ್ತೆ, ಇದ್ರಲ್ಲಿ ನಿಮ್ಗೆ ಯಾವ ಗೆಲುವು ಇಷ್ಟ?" ಅಂತ ಕೇಳಿದಳು.

"ಮೊದ್ಲು ಆ ಮೊಬೈಲು ಕೆಳಗಿಟ್ಟು ಸಾರು ಹಾಕಿಸ್ಕೊ. ನನ್ಗೆ ಇಷ್ಟವಾದ ಗೆಲುವು ಅದ್ರಲ್ಲಿ ಬರಲ್ಲ. ಅದು ಆಗಿದ್ದು ನಿನ್ನ ತಾಲ್ಲೂಕಲ್ಲೇ" ಅಂದೆ.

ಅವಳು ನಕ್ಕಳು. ನಗಲಿ. ಹಾಲಿನ ಡೈರಿ ಅಧ್ಯಕ್ಷರ ಚುನಾವಣೆಯನ್ನು ಪರದೇಶದ ಅಧ್ಯಕ್ಷರ ಪಕ್ಕದಲ್ಲಿಟ್ಟರೆ ನಗು ಬರುತ್ತದೆ, ಗೊತ್ತು. ಆದರೆ ನನ್ನ ಇಡೀ ನೌಕರಿ ಕಳೆದಿದ್ದು ಇಂಥ ಚುನಾವಣೆಗಳಲ್ಲೇ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕು ಬಿಟ್ಟು ನಾನು ಆಚೆ ಹೋದವಳಲ್ಲ. ಬಡ್ತಿ ಗಿಡ್ತಿ ಕತೆ ಇಲ್ಲಿ ಬೇಡ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ತಿಳಿಯಬೇಕಾದ್ದು ಬೇರೆ ಇದೆ, ಅದನ್ನು ಬರೆಯುತ್ತೇನೆ.

ಕೆಲಸ ಏನು ಅಂತ ಮೊದಲು ಹೇಳಿಬಿಡಬೇಕು. ಊರಿನ ಸಂಘಕ್ಕೆ ಸದಸ್ಯರೆಲ್ಲ ಸೇರಿ ನಿರ್ದೇಶಕರನ್ನು ಆರಿಸುತ್ತಾರೆ. ಆ ಹತ್ತು ಹನ್ನೊಂದು ಜನ ನಿರ್ದೇಶಕರು ಒಂದು ಕೋಣೆಯಲ್ಲಿ ಕೂತು ತಮ್ಮಲ್ಲೇ ಒಬ್ಬನನ್ನು ಅಧ್ಯಕ್ಷ ಮಾಡುತ್ತಾರೆ. ಅದನ್ನು ನಡೆಸಿಕೊಡಲು ಇಲಾಖೆಯಿಂದ ಒಬ್ಬರು ಹೋಗಬೇಕು. ಹೋಗುತ್ತಿದ್ದದ್ದು ನಾನು. ಜನ ನನ್ನನ್ನು ಇನ್ಸ್‌ಪೆಟ್ರಮ್ಮ ಅನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲಿ ಕೋಪ ಅಂತಲೂ ಅನ್ನುತ್ತಿದ್ದರು, ಅದೂ ನಿಜವೇ.

ಮೊದಲನೆಯ ಚುನಾವಣೆ ನಮ್ಮ ಶ್ರೀರಂಗಪಟ್ಟಣದ್ದೇ. ಅಕ್ಕಸಾಲಿಗಳು, ಬಡಗಿಗಳು, ಕಮ್ಮಾರರು ಸೇರಿ ಕಟ್ಟಿಕೊಂಡ ಸಣ್ಣ ಪತ್ತಿನ ಸಂಘ. ನಮ್ಮದೂ ಅಕ್ಕಸಾಲಿ ಮನೆತನ. ಕೋಣೆಯಲ್ಲಿ ಕೂತಿದ್ದವರೆಲ್ಲ ನಾನು ಲಂಗ ಹಾಕಿಕೊಂಡು ಮೂಗು ಸುರಿಸಿಕೊಂಡು ಓಡಾಡಿದ್ದನ್ನು ಕಂಡವರು. ಆಗ ಕೈ ಎತ್ತಿಸಿ ಮುಗಿಸುವ ಪದ್ಧತಿ. ಮೊದಲನೆಯವನ ಹೆಸರು ಕೂಗಿ ಕೈ ಎತ್ತಿ ಅಂದೆ, ಎತ್ತಿದರು. ಎರಡನೆಯವನ ಹೆಸರು ಕೂಗಿದೆ. ಬಡಗಿ ವೀರಾಚಾರಿ ತಾತ ಮತ್ತೆ ಕೈ ಎತ್ತಿದರು.

"ತಾತ, ನೀವು ಆಗ್ಲೇ ಎತ್ತಿದ್ರಲ್ಲ?"

"ಅವನೂ ನಮ್ಮೋನೇ ಕಣವ್ವ. ಇವನ್ಗೆ ಎತ್ತದೆ ಇದ್ರೆ ನಾಳೆ ಇವನ ಮನೆ ಬಾಗ್ಲು ರಿಪೇರಿಗೆ ಯಾವ ಮುಖ ಇಟ್ಕೊಂಡು ಓಗ್ಲಿ?"

ಆವತ್ತೇ ನನಗೊಂದು ವಿಷಯ ತಿಳಿಯಿತು. ಕೈ ಎತ್ತುವವನ ಕಣ್ಣು ಅಭ್ಯರ್ಥಿಯ ಮೇಲೆ ಇರುವುದಿಲ್ಲ, ಪಕ್ಕದವನ ಕೈ ಮೇಲೆ ಇರುತ್ತದೆ. ನಾಲ್ಕು ಕೈ ಮೇಲೆದ್ದರೆ ಉಳಿದವು ತಾವಾಗಿ ಏಳುತ್ತವೆ. ಆ ಕಾಲದ ಭಾರಿ ಗೆಲುವುಗಳಲ್ಲಿ ಅರ್ಧ ಹೀಗೆ ಆದದ್ದು. ನೋಡಿದವರು ಊರೆಲ್ಲ ಅವನ ಕಡೆ ಅಂದುಕೊಳ್ಳುತ್ತಿದ್ದರು. ಇದ್ದದ್ದು ಬರೀ ದಾಕ್ಷಿಣ್ಯ.

ದಾಕ್ಷಿಣ್ಯ ಅಂದಾಗ ನಾಗಮಂಗಲದ ಕಡೆಯ ಒಂದು ಊರು ನೆನಪಾಗುತ್ತದೆ. ಆಗ ನಮ್ಮ ಸಾಹೇಬರು ಗುರುಪಾದಯ್ಯನವರು. ಒಳ್ಳೆಯ ಮನುಷ್ಯ, ಆದರೆ ಸಿಕ್ಕಾಪಟ್ಟೆ ಅವಸರ. ಚುನಾವಣೆ ಅವಿರೋಧ ಅಂತ ಕಿವಿಗೆ ಬಿದ್ದರೆ ಸಾಕು, ಭಾಷಣ ಮಾಡಲು ಜೀಪು ಹತ್ತಿ ಬಂದುಬಿಡುತ್ತಿದ್ದರು. ಆವತ್ತು ನಾನು ಚಾವಡಿಯಲ್ಲಿ ಕಾಗದಪತ್ರ ಜೋಡಿಸಿಕೊಳ್ಳುವಷ್ಟರಲ್ಲಿ ಒಳಗೆ ನುಗ್ಗಿದರು. ಕೈಯಿರುವ ಕುರ್ಚಿಯೊಂದರಲ್ಲಿ ದೊಡ್ಡ ಮೀಸೆಯ, ಬಿಳಿ ರುಮಾಲಿನ ನಿರ್ದೇಶಕರೊಬ್ಬರು ಕೂತಿದ್ದರು. ಸಾಹೇಬರು ಮೇಜಿನ ಮೇಲಿದ್ದ ಹಾರ ಎತ್ತಿ ಅವರ ಕೊರಳಿಗೆ ಹಾಕಿ, ಈ ಭಾಗದ ಸಹಕಾರ ಚಳವಳಿಗೆ ನಿಮ್ಮಂಥ ಅಧ್ಯಕ್ಷರು ಬೇಕು ಎಂದು ಶುರುಹಚ್ಚಿಕೊಂಡರು. ಅಧ್ಯಕ್ಷರಾಗಬೇಕಿದ್ದವರು ಮೂಲೆಯ ಬೆಂಚಿನಲ್ಲಿದ್ದರು. ಮೀಸೆಯವರಿಗೆ ಮಂಡಿ ನೋವು, ಅದಕ್ಕೆ ಅವರಿಗೆ ಆ ಕುರ್ಚಿ ಕೊಟ್ಟಿದ್ದು, ಅಷ್ಟೇ.

ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಸಾಹೇಬರ ಮುಖಕ್ಕೆ ಹೊಡೆದ ಹಾಗೆ ಹೇಳುವುದು ಹೇಗೆ? ಸಾಹೇಬರು ಜೀಪು ಹತ್ತಿ ಹೋದ ಮೇಲೆ ನಾನೇ ಬಾಯಿಬಿಟ್ಟು, "ಹಾರ ತೆಗೆದು ಸರಿಯಾದವರಿಗೆ ಹಾಕಿ, ಚುನಾವಣೆ ಇನ್ನೂ ನಡೆದೇ ಇಲ್ಲ" ಅಂದೆ. ಮೂಲೆಯ ಬೆಂಚಿನ ಮನುಷ್ಯರೇ ಎದ್ದು ನಿಂತರು.

"ಬ್ಯಾಡ ಬುಡಿ ಇನ್ಸ್‌ಪೆಟ್ರಮ್ಮ. ಆಕಿದ ಆರ ತಗಿಯೋದು ಒಳ್ಳೇದಲ್ಲ. ಅವ್ರೇ ಆಗ್ಲಿ."

ಎಲ್ಲರೂ ಹ್ಞೂಂ ಅಂದರು. ಒಂದು ಕೈಯೂ ತಪ್ಪದೆ ಮೀಸೆಯವರು ಗೆದ್ದರು. ಕೊನೆಗೆ ಅವರೇ ಹೆದರಿದ ಹಾಗೆ ನನ್ನ ಮುಖ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಂಘವನ್ನು ಅವರು ಚೆನ್ನಾಗಿಯೇ ನಡೆಸಿದರು ಅನ್ನುವುದನ್ನೂ ಹೇಳಬೇಕು.

ಈಗ ನನಗೆ ಇಷ್ಟವಾದ ಗೆಲುವಿಗೆ ಬರುತ್ತೇನೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರೆಲ್ಲ ಇದ್ದಾರೆ, ಬಂದು ಜಗಳ ಆಡುತ್ತಾರೆ. ಹೇಮಗಿರಿಯ ಕಡೆ, ಕಾಲುವೆಯ ಈಚೆ ಒಂದು ದೊಡ್ಡ ಊರು, ಆಚೆ ಒಂದು ಸಣ್ಣ ಕೊಪ್ಪಲು. ಎರಡಕ್ಕೂ ಸೇರಿ ಒಂದೇ ಡೈರಿ, ಅದು ದೊಡ್ಡೂರಲ್ಲಿ. ಕೊಪ್ಪಲಿನ ಹೆಂಗಸರು ಬೆಳಿಗ್ಗೆ ಸಂಜೆ ಹಾಲಿನ ಕ್ಯಾನು ಹೊತ್ತು ಕಾಲುವೆ ಏರಿಯ ಮೇಲೆ ಸುತ್ತಿ ಬಳಸಿ ಬರಬೇಕಿತ್ತು. ಬೇಸಿಗೆಯಲ್ಲಿ ಬರುವಷ್ಟರಲ್ಲಿ ಹಾಲು ಹುಳಿ ತಿರುಗುತ್ತಿತ್ತು. ಡೈರಿ ಕಾರ್ಯದರ್ಶಿ ಮೂಸಿ ನೋಡಿ ವಾಪಸ್ಸು ಅನ್ನುತ್ತಿದ್ದ. ಆ ಹೆಂಗಸರು ಹಾಲನ್ನು ಅಲ್ಲೇ ಚರಂಡಿಗೆ ಸುರಿದು ಖಾಲಿ ಕ್ಯಾನು ಹೊತ್ತು ಹೋಗುವುದನ್ನು ನಾನೇ ಕಂಡಿದ್ದೇನೆ.

ಕೊಪ್ಪಲಿನಿಂದ ಡೈರಿಗೆ ಇದ್ದ ನಿರ್ದೇಶಕರು ಒಬ್ಬರೇ, ಬೋರೇಗೌಡರು. ಸಣಕಲು ಆಳು. ಅವರಿಗೆ ಇದ್ದದ್ದು ಒಂದೇ ಆಸೆ, ಕೊಪ್ಪಲಿನಲ್ಲೂ ಹಾಲು ಹಾಕಿಸಿಕೊಳ್ಳುವ ಒಂದು ಕೇಂದ್ರ ಆಗಬೇಕು. ಅದಕ್ಕೆ ಅಡ್ಡ ನಿಂತವರು ದೊಡ್ಡೂರಿನ ಯಜಮಾನ್ ಸಿದ್ದೇಗೌಡರು. ಸಿದ್ದೇಗೌಡರು ಕೆಟ್ಟವರಲ್ಲ. ಊರಲ್ಲಿ ಯಾರ ಮನೆಯ ಮದುವೆ ನಿಂತರೂ ಎತ್ತಿ ನಡೆಸಿಕೊಡುವ ಮನುಷ್ಯ. ಆದರೆ ಹಟ. "ಇವತ್ತು ಕೊಪ್ಪಲಿಗೆ ಹಾಲು ಅಳೆಯೋ ಮಿಷನ್ನು ಕೊಟ್ರೆ, ನಾಳೆ ಬ್ಯಾರೆ ಡೈರಿ ಕಟ್ತೀವಿ ಅಂತಾರೆ. ನಮ್ಮಪ್ಪ ಕಟ್ಟಿದ ಡೈರಿ ಕಣಮ್ಮ, ಒಡೀಲಾ?" ಅಂತ ನನ್ನನ್ನೇ ಕೇಳಿದ್ದರು. ಅಧ್ಯಕ್ಷಗಿರಿ ಅವರ ಮನೆಯಲ್ಲೋ ಅವರ ಕಡೆಯವರಲ್ಲೋ ಸುತ್ತುತ್ತಿತ್ತು. ನೀನೊಂದಷ್ಟು ದಿನ ನಾನೊಂದಷ್ಟು ದಿನ ಅಂತ ಅವರವರಲ್ಲೇ ಒಪ್ಪಂದ. ಒಬ್ಬ ರಾಜೀನಾಮೆ ಕೊಟ್ಟರೆ ಮತ್ತೆ ಚುನಾವಣೆ, ಮತ್ತೆ ನಾನು ಬಸ್ಸು ಹತ್ತಬೇಕು.

ಪ್ರತಿ ಸಲವೂ ಬೋರೇಗೌಡರು ಎದುರು ನಿಲ್ಲುತ್ತಿದ್ದರು. ನಾಮಪತ್ರಕ್ಕೆ ಒಬ್ಬ ಸೂಚಕ ಬೇಕಲ್ಲ, ಹೆಂಗೋ ಕಾಡಿ ಬೇಡಿ ಒಬ್ಬರಿಂದ ರುಜು ಹಾಕಿಸುತ್ತಿದ್ದರು. ಮೊದಲ ಸಲ ನಾನು ಕೈ ಎತ್ತಿ ಅಂದಾಗ ಸಿದ್ದೇಗೌಡರಿಗೆ ಕೈಗಳು ಸರಸರ ಎದ್ದವು. ಬೋರೇಗೌಡರ ಹೆಸರು ಕೂಗಿದೆ. ಅವರದೇ ಕೈ, ಅದೊಂದೇ. ರುಜು ಹಾಕಿದ ಸೂಚಕ ತಲೆ ಬಗ್ಗಿಸಿ ಉಗುರು ಕೀಳುತ್ತಿದ್ದ. ಆ ಒಂಟಿ ಕೈ ನಾನು ಸಾಕು ಅನ್ನುವವರೆಗೂ ಕೆಳಗಿಳಿಯಲಿಲ್ಲ. ಆಮೇಲೆ ಅವರು ಎದ್ದು ಹೋಗಿ ಸಿದ್ದೇಗೌಡರಿಗೆ ಕೈ ಮುಗಿದರು. ಊರವರು ಅವರಿಗೆ ಒಂದೋಟು ಬೋರೇಗೌಡ ಅಂತ ಹೆಸರಿಟ್ಟರು. ಸಿದ್ದೇಗೌಡರಂತೂ ಬೀದಿಯಲ್ಲೇ "ಏನ್ಲಾ ಒಂದೋಟು, ಹಸು ಕರು ಹಾಕ್ತಾ?" ಅಂತ ಕೂಗುತ್ತಿದ್ದರು.

ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಾನು ರೇಗಿದೆ.

"ಯಾಕ್ರಿ ಗೌಡ್ರೆ, ಗೆಲ್ಲಲ್ಲ ಅಂತ ಗೊತ್ತಿದ್ದೂ ನಿಲ್ತೀರಿ? ಅವಿರೋಧ ಆದ್ರೆ ನಾನು ಬೇಗ ಮನೆಗಾದ್ರೂ ಹೋಗ್ತೀನಿ."

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಮ್ಮಾವ್ರೆ, ಬ್ಯಾರೆ ದಿನ ಸಭೇಲಿ ನಾನು ಕೊಪ್ಪಲು ಅಂತ ಬಾಯಿ ತಗುದ್ರೆ ಒಬ್ಬೊಬ್ರೇ ಬೀಡಿ ಸೇದಕ್ಕೆ ಎದ್ದೋಯ್ತಾರೆ. ಚುನಾವಣೆ ದಿನ ನೀವು ಬಾಗ್ಲಾಕ್ಸಿರ್ತೀರಿ. ಯಾರೂ ಏಳಂಗಿಲ್ಲ. ನಿಂತೋನ್ಗೆ ಎರಡು ಮಾತಾಡಕ್ಕೂ ಬುಡ್ತೀರಿ. ಅದುಕ್ಕೇ ನಿಲ್ಲೋದು."

ಬಾಗಿಲು ಹಾಕಿಸುವುದು ನನ್ನದೇ ಪದ್ಧತಿ. ನಡುವೆ ಯಾರಾದರೂ ಎದ್ದು ಹೋದರೆ ಕೋರಂ ತಪ್ಪಿ ಇಡೀ ದಿನ ಹಾಳಾಗುತ್ತದೆ ಅಂತ ಮಾಡಿಕೊಂಡಿದ್ದು. ಅದು ಇನ್ನೊಬ್ಬರಿಗೆ ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಆಮೇಲೆ ನಾನು ಅವಿರೋಧದ ಮಾತೆತ್ತಲಿಲ್ಲ.

ಇಷ್ಟರಲ್ಲಿ ಪದ್ಧತಿ ಬದಲಾಯಿತು. ಇನ್ನು ಮೇಲೆ ಕೈ ಎತ್ತಿಸಬೇಡಿ, ಚೀಟಿ ಹಾಕಿಸಿ, ಗುಟ್ಟಾಗಿರಲಿ ಅಂತ ಮೇಲಿನಿಂದ ಬಂತು. ಹಳಬರು ಗೊಣಗಿದರು. ನಾನೂ ಗೊಣಗಿದೆ, ಮರದ ಪೆಟ್ಟಿಗೆ ಹೊತ್ತು ಬಸ್ಸು ಹತ್ತುವವಳು ನಾನಲ್ಲವೇ. ಆದರೆ ಆ ಪೆಟ್ಟಿಗೆ ಏನೇನು ಮಾಡಬಲ್ಲುದು ಅಂತ ಪಾಂಡವಪುರದಲ್ಲಿ ಮೊದಲು ಕಂಡೆ.

ಅಲ್ಲಿ ಕಬ್ಬು ಬೆಳೆಗಾರರ ಒಂದು ಸಂಘ. ಆಲೆಮನೆಗಳ ಕಾಲ, ಊರಿಗೆ ಊರೇ ಬೆಲ್ಲದ ವಾಸನೆ. ಚಿಕ್ಕೇಗೌಡ ಅನ್ನುವವರು ಅಧ್ಯಕ್ಷರಾಗಲೇಬೇಕು ಅಂತ ನಿರ್ದೇಶಕರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಬೆಟ್ಟದ ದೇವರಿಗೆ ಕರೆದುಕೊಂಡು ಹೋದರು. ಮಾತಿಗೆ ತಪ್ಪುವುದಿಲ್ಲ ಅಂತ ದೇವರ ಮುಂದೆ ಎಲ್ಲರಿಂದಲೂ ಮುಡಿ ಕೊಡಿಸಿದರು. ಎದುರಾಳಿಯೊಬ್ಬನನ್ನು ಬಿಟ್ಟು ಇಡೀ ಆಡಳಿತ ಮಂಡಳಿ ನುಣ್ಣಗೆ ಬೋಳಾಗಿ ನನ್ನ ಮುಂದೆ ಬಂದು ಕೂತಿತು. ಗಂಧ ಬೇರೆ ಬಳಿದುಕೊಂಡಿದ್ದರು. ನನಗೆ ನಗು ತಡೆಯಲು ತುಟಿ ಕಚ್ಚಿಕೊಳ್ಳಬೇಕಾಯಿತು. ಚೀಟಿ ಎಣಿಸಿದರೆ, ಕೂದಲಿದ್ದವನು ಭಾರಿ ಗೆಲುವು ಗೆದ್ದಿದ್ದ.

ಚಿಕ್ಕೇಗೌಡರು ಸಾಲಾಗಿ ಕೂತ ಬೋಳು ತಲೆಗಳನ್ನು ನೋಡಿದರು. "ಮುಡಿ ಕೊಟ್ಟು ಮಾತು ತಪ್ಪುದ್ರಲ್ರೋ."

ಹಿಂದಿನಿಂದ ಒಬ್ಬ ಹೇಳಿದ. "ಮುಡಿ ಕೊಟ್ಟಿದ್ದು ದೇವ್ರಿಗೆ ಕಣಣ್ಣ. ಅದ್ರಲ್ಲಿ ತಪ್ಪಿಲ್ಲ."

ಯಾರು ಯಾರಿಗೆ ಹಾಕಿದರು ಅಂತ ಇವತ್ತಿಗೂ ಗೊತ್ತಿಲ್ಲ. ಕೂದಲು ಬೆಳೆಯುವವರೆಗೂ ಪಾಂಡವಪುರದ ಸಂತೆಯಲ್ಲಿ ಆ ಜನ ತಲೆಗೆ ಟವೆಲು ಸುತ್ತಿಕೊಂಡು ಓಡಾಡಿದರು. ಹೊಸಬರಿಗೆ ಒಂದು ಮಾತು. ಎಣಿಸುವಾಗ ಮುಖ ನೋಡಬೇಡಿ, ನೋಡಿದರೂ ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಿ. ನಮ್ಮ ಕೆಲಸದಲ್ಲಿ ಬಾಯಿ ಬಿಗಿಯಾಗಿರಬೇಕು.

ಅದೇ ಪೆಟ್ಟಿಗೆ ಹೊತ್ತು ಮತ್ತೆ ಹೇಮಗಿರಿಯ ಕಡೆಗೆ ಹೋದೆ. ಆ ಮಳೆಗಾಲದಲ್ಲಿ ಅಲ್ಲೊಂದು ಅನಾಹುತ ಆಗಿತ್ತು. ಬೋರೇಗೌಡರ ಹೆಂಡತಿ ಕೆಂಪಮ್ಮ ಸಂಜೆಯ ಹಾಲು ತರುವಾಗ ಏರಿಯ ಮೇಲೆ ಕಾಲು ಜಾರಿ ಬಿದ್ದಿದ್ದರು. ಕ್ಯಾನು ನೀರಿಗೆ ಹೋಯಿತು. ಅವರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ಕಾಲು ಸೊಟ್ಟವಾಗಿ ಕೂಡಿಕೊಂಡಿತ್ತು. ಆದರೂ ಹಾಲು ಹೊರುವುದು ತಪ್ಪಲಿಲ್ಲ. ನಾನು ಡೈರಿಗೆ ಹೋದಾಗ ಅವರು ಬೆಳಗಿನ ಹಾಲು ಹಾಕಿ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದರು. ಒಳಗೆ ಹೋಗುವ ನಿರ್ದೇಶಕರೆಲ್ಲ ಅವರನ್ನು ದಾಟಿಕೊಂಡೇ ಹೋಗಬೇಕಿತ್ತು. ಒಬ್ಬೊಬ್ಬರೂ "ಎಂಗದವ್ವ ಕಾಲು?" ಅಂತ ಕೇಳಿ, ಉತ್ತರ ಕೇಳುವ ಮುಂಚೆ ಒಳಗೆ ಹೋದರು. ಸಿದ್ದೇಗೌಡರು ಮಾತ್ರ ನಿಂತು ಕೇಳಿಸಿಕೊಂಡರು.

ಬಾಗಿಲು ಹಾಕಿಸಿದೆ. ಈ ಸಲವೂ ಅವರಿಬ್ಬರೇ, ಸಿದ್ದೇಗೌಡರು, ಬೋರೇಗೌಡರು. ಮೇಜಿನ ಮೇಲೆ ಸಿದ್ದೇಗೌಡರಿಗೆ ಅಂತ ತಂದ ಹಾರವೂ ಇತ್ತು. ಮಾತಾಡುವುದಿದ್ದರೆ ಮಾತಾಡಿ ಅಂತ ಬೋರೇಗೌಡರ ಕಡೆ ತಿರುಗಿದೆ.

"ಏನೂ ಇಲ್ಲ ಅಮ್ಮಾವ್ರೆ. ಯೋಳದೆಲ್ಲ ಯೋಳಾಗದೆ" ಅಂದು ಕೂತುಬಿಟ್ಟರು.

ಪ್ರತಿ ಸಲ ಅವರು ಮಾತಾಡುವಾಗ ಸೂರು ನೋಡುತ್ತಿದ್ದ ಜನ ಈ ಸಲ ಅವರ ಮುಖ ನೋಡಿದರು. ಒಬ್ಬೊಬ್ಬರಾಗಿ ಮೂಲೆಗೆ ಹೋಗಿ ಗುರುತು ಹಾಕಿ ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕಿದರು.

ಎಣಿಸಲು ಶುರು ಮಾಡಿದೆ. ಮೊದಲ ಚೀಟಿ ಬಿಚ್ಚಿ "ಬೋರೇಗೌಡರು" ಅಂದೆ. ಎಲ್ಲರ ಮುಖದಲ್ಲೂ ಒಂದು ಸಣ್ಣ ನಗು, ಗುಟ್ಟಾಗಿ ಏನೋ ಪುಣ್ಯದ ಕೆಲಸ ಮಾಡಿದವರ ನಗು. ಎರಡನೆಯದೂ ಬೋರೇಗೌಡರು. ನಗು ಹಾಗೇ ಇತ್ತು, ಹುಬ್ಬು ಮಾತ್ರ ಮೇಲೆ ಹೋಯಿತು. ಮೂರನೆಯದು ಬೋರೇಗೌಡರು ಅಂದಾಗ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ನಾಲ್ಕನೆಯದಕ್ಕೆ ನಗು ಪೂರ್ತಿ ಇಳಿದುಹೋಯಿತು. ಆಮೇಲೆ ನಾನು ಹೆಸರು ಕೂಗಿದಂತೆಲ್ಲ ಆ ಜನ ಕುರ್ಚಿಯಲ್ಲಿ ಕುಸಿಯುತ್ತ ಹೋದರು. ನಡುವೆ ಒಂದೇ ಒಂದು ಚೀಟಿ ಸಿದ್ದೇಗೌಡರದು ಬಂತು. ಉಳಿದವೆಲ್ಲ ಬೋರೇಗೌಡರದು.

ಸಿದ್ದೇಗೌಡರು ಕೆಮ್ಮಿದರು. "ಇನ್ನೊಂದ್ಸಲ ಎಣ್ಸಿ ಇನ್ಸ್‌ಪೆಟ್ರಮ್ಮ."

ಎಣಿಸಿದೆ. ಅಷ್ಟೇ ಇತ್ತು.

ಸಿದ್ದೇಗೌಡರ ಭಾವಮೈದ ಪುಟ್ಟಸ್ವಾಮಿಯೂ ನಿರ್ದೇಶಕ. ಅವನು ಎದ್ದು ನಿಂತ. "ಅಮ್ಮಾವ್ರೆ, ಇದು ಲೆಕ್ಕಕ್ಕಿಲ್ಲ ಕಣ್ರಿ. ಯಾವಾಗ್ಲೂ ಒಂದೇ ಓಟು ಬತ್ತದಲ್ಲ, ಅಯ್ಯೋ ಪಾಪ, ಎರಡಾರ ಬರ್ಲಿ ಅಂತ ಯಾರೋ ಆಕಿರ್ತಾರೆ" ಅಂದ.

"ನೀನೂ ಅಂಗೇ ಆಕ್ದೇನ್ಲಾ?" ಅಂತ ಪಕ್ಕದವನು ಕೇಳಿಬಿಟ್ಟ.

"ನಾನಲ್ಲ. ನೀನಾಕ್ದಾ?"

"ನಾನೊಬ್ನೇ ಅಂದ್ಕಂಡಿದ್ದೆ ಕಣ್ಲಾ."

ಇನ್ನೊಬ್ಬ ಹಣೆ ಚಚ್ಚಿಕೊಂಡ. "ನಾನೂವೆ."

ಆಗ ಅರ್ಥವಾಯಿತು. ಸೋಲುವವನಿಗೆ ಒಂದು ಓಟು ಜಾಸ್ತಿ ಬಿದ್ದರೆ ಸಿದ್ದೇಗೌಡರ ಗೆಲುವಿಗೇನು ಕೊರತೆ ಅಂತ ಒಬ್ಬೊಬ್ಬರೂ ಯೋಚಿಸಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಕೈ ಎತ್ತಬೇಕಿದ್ದರೆ ಒಬ್ಬನೂ ಎತ್ತುತ್ತಿರಲಿಲ್ಲ. ಚೀಟಿ ಆದ್ದರಿಂದ ಕರುಣೆ ತೋರಿಸಲು ಯಾರಿಗೂ ಭಯ ಇರಲಿಲ್ಲ. ಹೆಂಡತಿ ಹೊರಗೆ ಜಗಲಿಯ ಮೇಲೆ ಸೊಟ್ಟ ಕಾಲು ಚಾಚಿಕೊಂಡು ಕೂತಿದ್ದಾಳೆ, ಗಂಡ ಮಾತೇ ಬೇಡ ಅಂದುಬಿಟ್ಟಿದ್ದಾನೆ, ಯಾರ ಕರುಳು ತಾನೇ ಚುರ್ ಅನ್ನುವುದಿಲ್ಲ.

ಆದರೆ ಇದೆಲ್ಲವನ್ನೂ ಬೋರೇಗೌಡರ ಎದುರೇ ಆಡುತ್ತಿದ್ದರಲ್ಲ. ಅವರ ಮುಖ ಸಣ್ಣದಾಗಿ ಹೋಯಿತು. ಎದ್ದು ನಿಂತು ಕೈ ಮುಗಿದರು.

"ಬ್ಯಾಡ ಬುಡಿ ಅಮ್ಮಾವ್ರೆ. ತಪ್ಪಿ ಬಂದದೆ. ಇನ್ನೊಂದ್ಸಲ ಆಕ್ಸಿ, ಯಜಮಾನ್ರೇ ಆಗ್ಲಿ."

"ಅದೇ ಸರಿ, ಅದೇ ಸರಿ" ಅಂದರು ನಾಲ್ಕು ಜನ.

ನನಗೆ ಎಲ್ಲಿತ್ತೋ ಕೋಪ, ನೆತ್ತಿಗೇರಿತು. ನಾಗಮಂಗಲದಲ್ಲಿ ದಾಕ್ಷಿಣ್ಯಕ್ಕೆ ಒಬ್ಬ ಕುರ್ಚಿ ಬಿಟ್ಟುಕೊಟ್ಟಿದ್ದನ್ನು ಕಂಡಿದ್ದೆ. ಆವತ್ತು ಚುನಾವಣೆ ಆಗಿರಲಿಲ್ಲ, ಬಿಟ್ಟುಕೊಡಬಹುದಿತ್ತು. ಇಲ್ಲಿ ಆಗಿಹೋಗಿತ್ತು.

"ಕೂತ್ಕೊಳ್ರಿ ಗೌಡ್ರೆ" ಅಂದೆ. "ನೀವೂ ಎಲ್ಲಾ ಕೂತ್ಕೊಳ್ಳಿ. ಚೀಟೀಲಿ ಯಾರಿಗೆ ಅಂತ ಗುರುತು ಹಾಕೋ ಜಾಗ ಇದೆ, ಯಾಕೆ ಅಂತ ಬರೆಯೋ ಜಾಗ ಇಲ್ಲ. ಪ್ರೀತಿಗೆ ಹಾಕಿದ್ದೋ, ಪಾಪ ಅಂತ ಹಾಕಿದ್ದೋ, ನನ್ಗೆ ಎಲ್ಲಾ ಒಂದೇ. ಬೋರೇಗೌಡರು ಅಧ್ಯಕ್ಷರಾಗಿ ಆಯ್ಕೆಯಾಗಿದ್ದಾರೆ ಅಂತ ಘೋಷಣೆ ಮಾಡಿದ್ದೀನಿ. ಮುಗೀತು."

ಎಲ್ಲರೂ ಸಿದ್ದೇಗೌಡರನ್ನೇ ನೋಡುತ್ತಿದ್ದರು. ಅವರು ಮನಸ್ಸು ಮಾಡಿದ್ದರೆ ಅಲ್ಲೇ ನಾಲ್ಕು ರಾಜೀನಾಮೆ ಕೊಡಿಸಿ ಎಲ್ಲ ಅಲ್ಲಾಡಿಸಬಹುದಿತ್ತು. ಅವರು ನಿಧಾನಕ್ಕೆ ಎದ್ದು ಮೇಜಿನ ಮೇಲಿದ್ದ ತಮ್ಮ ಹಾರ ಎತ್ತಿಕೊಂಡರು.

"ತಂದಿರೋ ಆರ ಮನೆಗೆ ತಕ್ಕೊಂಡು ಓಗಕ್ಕಾಯ್ತದಾ? ಬಗ್ಗುಲಾ ಒಂದೋಟು" ಅಂದು ಬೋರೇಗೌಡರ ಕೊರಳಿಗೆ ಹಾಕಿದರು.

ಬಾಗಿಲು ತೆಗೆಸಿದೆ. ಜಗಲಿಯ ಮೇಲಿದ್ದ ಕೆಂಪಮ್ಮ ಹಾರ ಹಾಕಿಕೊಂಡು ಬಂದ ಗಂಡನನ್ನು ನೋಡಿ ಗಾಬರಿಯಾಗಿ ಎದ್ದು ನಿಂತರು. "ಇದ್ಯಾರ್ದು ಆರ? ಯಾಕೆ ನೀನಾಕ್ಕಂಡಿದ್ದೀಯ?" ಅಂತ ಕೇಳಿದರು. ಬೋರೇಗೌಡರು ನನ್ನ ಕಡೆ ಕೈ ತೋರಿಸಿದರು. ನಾನೇ ಹೇಳಿದೆ. ಕೆಂಪಮ್ಮ ಮತ್ತೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ, ಪೆಟ್ಟಿಗೆ ಸರಿಮಾಡುವ ನೆಪದಲ್ಲಿ ಆಚೆ ತಿರುಗಿಕೊಂಡೆ.

ಬಸ್ಸಿಗೆ ಬಿಡಲು ಬೋರೇಗೌಡರು ಜೊತೆಗೆ ಬಂದರು. ದಾರಿಯಲ್ಲಿ ಒಂದು ಮಾತು ಹೇಳಿದರು.

"ಅಮ್ಮಾವ್ರೆ, ಯಜಮಾನ್ರಿಗೆ ಬಂದ ಆ ಒಂದೋಟು ನಂದು. ಸಾಕಾಗೋಗಿತ್ತು. ಸೋಲೋದ್ರಲ್ಲಿ ನನ್ ಓಟ್ಯಾಕೆ ದಂಡ, ಗೆಲ್ಲೋರ್ಗೇ ಆಕ್ಬುಡುವ ಅಂತ ಆಕ್ಬುಟ್ಟೆ."

ನಾನು ನಡೆಯುತ್ತಿದ್ದವಳು ನಿಂತೆ. ಸಿದ್ದೇಗೌಡರಿಗೆ ಬಂದದ್ದು ಆ ಒಂದೇ ಓಟು. ಅದು ಬೋರೇಗೌಡರದು ಅಂದ ಮೇಲೆ ಸಿದ್ದೇಗೌಡರು ತಮ್ಮ ಓಟನ್ನು ತಮಗೆ ಹಾಕಿಕೊಂಡಿಲ್ಲ. ಅವರೂ ಅಯ್ಯೋ ಪಾಪ ಅಂದವರೇ. ನಾನು ಇದನ್ನು ಬೋರೇಗೌಡರಿಗೆ ಬಿಡಿಸಿ ಹೇಳಲಿಲ್ಲ. ಅವರ ಓಟಿನ ವಿಷಯ ಸಿದ್ದೇಗೌಡರಿಗೂ ಹೇಳಲಿಲ್ಲ. ಗುಟ್ಟಿನ ಓಟು ಅಂದ ಮೇಲೆ ಗುಟ್ಟು.

ಬೋರೇಗೌಡರು ಅಧ್ಯಕ್ಷರಾಗಿ ಬೇರೆ ದೊಡ್ಡ ಸಾಧನೆ ಏನೂ ಮಾಡಲಿಲ್ಲ. ಮಾಡಿದ್ದು ಒಂದೇ, ಕೊಪ್ಪಲಿನಲ್ಲಿ ಹಾಲಿನ ಕೇಂದ್ರ. ಅದಕ್ಕೆ ನಿರ್ದೇಶಕರು ತಕರಾರು ತೆಗೆಯಲಿಲ್ಲ, ತಾವೇ ಓಟು ಹಾಕಿ ಕೂರಿಸಿದವನಿಗೆ ಯಾವ ಬಾಯಲ್ಲಿ ಬೇಡ ಅನ್ನುವುದು? ಮಾರಮ್ಮನ ಗುಡಿಯ ಪಕ್ಕದ ಕೋಣೆಯಲ್ಲಿ ಅಳೆಯುವ ಮಿಷನ್ನು ಇಟ್ಟರು. ಹಾಲಿನ ವ್ಯಾನು ಆ ಕಡೆಗೂ ಒಂದು ಸುತ್ತು ಬರತೊಡಗಿತು. ಸಿದ್ದೇಗೌಡರು ಹೆದರಿದ ಹಾಗೆ ಡೈರಿ ಒಡೆಯಲಿಲ್ಲ. ಅವಧಿ ಮುಗಿದ ಮೇಲೆ ಬೋರೇಗೌಡರು ಮತ್ತೆ ನಿಲ್ಲಲೂ ಇಲ್ಲ. "ಇನ್ಯಾಕೆ ಅಮ್ಮಾವ್ರೆ, ಮಾತಾಡೋದು ಮುಗೀತಲ್ಲ" ಅಂದರು. ಒಂದೋಟು ಅನ್ನುವ ಹೆಸರು ಮಾತ್ರ ಹೋಗಲಿಲ್ಲ. ಊರೆಲ್ಲ ಓಟು ಹಾಕಿ ಗೆಲ್ಲಿಸಿದ ಮೇಲೂ ಅವರು ಒಂದೋಟು ಬೋರೇಗೌಡರೇ.

ಈಗಿನದೆಲ್ಲ ಬೇರೆ. ಚುನಾವಣೆ ನಡೆಸುವಾಗ ವಿಡಿಯೋ, ಗುರುತಿನ ಚೀಟಿ, ಆನ್‌ಲೈನು. ಚೈತ್ರಾ ಲ್ಯಾಪ್‌ಟಾಪು ಹಿಡಿದು ಹೋಗುತ್ತಾಳೆ, ನನ್ನ ಹಾಗೆ ಪೆಟ್ಟಿಗೆ ಹೊರುವ ಕಷ್ಟ ಅವಳಿಗಿಲ್ಲ. ಒಳ್ಳೆಯದೇ ಆಯಿತು. ಆದರೂ ಆ ಮರದ ಪೆಟ್ಟಿಗೆ ಎಲ್ಲಿ ಬಿದ್ದಿದೆಯೋ ಅಂತ ಒಂದೊಂದು ಸಲ ಅನ್ನಿಸುತ್ತದೆ. ಆ ದಿನ ಈ ಕತೆಯನ್ನೆಲ್ಲ ಕೇಳಿದ ಮೇಲೆ ಅವಳು ನನ್ನನ್ನು ಬಿಡಲಿಲ್ಲ. ಮುಂದಿನ ವಾರವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕೊಪ್ಪಲಿಗೆ ಕರೆದುಕೊಂಡು ಹೋದಳು. ಬೋರೇಗೌಡರ ಓಟಿನ ವಿಷಯ ಮಾತ್ರ ನಾನು ಅವಳಿಗೂ ಹೇಳಿರಲಿಲ್ಲ.

ಸಂಜೆಯ ಹಾಲು ಹಾಕುವ ಹೊತ್ತು. ಕಾಲುವೆಗೆ ಈಗ ಸೇತುವೆ ಆಗಿದೆ. ಕೇಂದ್ರದ ಪಕ್ಕದ ಜಗಲಿಯಲ್ಲಿ ಇಬ್ಬರು ಮುದುಕರು ಕೂತಿದ್ದರು. ಒಬ್ಬರು ಬೋರೇಗೌಡರು, ಇನ್ನೂ ಸಣಕಲಾಗಿದ್ದಾರೆ. ಇನ್ನೊಬ್ಬರು ಸಿದ್ದೇಗೌಡರು. ದಿನಾ ಸಂಜೆ ಕೋಲು ಊರಿಕೊಂಡು ಸೇತುವೆ ದಾಟಿ ಇಲ್ಲಿಗೆ ಬಂದು ಕೂರುತ್ತಾರಂತೆ. ಕೆಂಪಮ್ಮ ನಾಲ್ಕು ಹೆಜ್ಜೆ ದೂರದ ತಮ್ಮ ಮನೆಯಿಂದ ಕುಂಟುತ್ತ ಬಂದು ಹಾಲು ಹಾಕಿ, ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಟೀ ಮಾಡಲು ಮನೆಯೊಳಗೆ ಹೋದರು.

ಸಿದ್ದೇಗೌಡರು ಚೈತ್ರಾಳನ್ನು ಕೂರಿಸಿಕೊಂಡು ಆ ಚುನಾವಣೆಯ ಕತೆ ಶುರುಮಾಡಿದರು. ಎಲ್ಲ ಹೇಳಿ ಕೊನೆಗೆ, "ಅವತ್ತು ನನ್ಗೆ ಬಂದಿದ್ದು ಒಂದೇ ಓಟು ಕಣವ್ವ. ಅದು ನನ್ ಭಾವಮೈದ ಪುಟ್ಟಸ್ವಾಮೀದು. ಆಮೇಲೆ ಅವನೇ ಬಂದು ಯೋಳ್ದ. ಊರೆಲ್ಲ ಕೈಬುಟ್ರೂ ಅವನೊಬ್ಬ ಬುಡ್ನಿಲ್ಲ. ಅದುಕ್ಕೇ ಇವತ್ತಿಗೂ ನಮ್ಮ ಟ್ರಾಕ್ಟ್ರು ಮೊದ್ಲು ಅವನ ಹೊಲ ಉತ್ತು ಆಮೇಲೆ ನನ್ನ ಹೊಲಕ್ಕೆ ಇಳಿಯೋದು" ಅಂದರು.

ನಾನು ಹಾಲಿನ ಕ್ಯಾನು ನೋಡುತ್ತ ಕೂತೆ. ಬೋರೇಗೌಡರು ನನ್ನ ಮುಖ ನೋಡಿದರು. ಒಳಗಿನಿಂದ ಗಂಡನನ್ನು ಗದರುವ ಕೆಂಪಮ್ಮನ ದನಿ ಬಂತು, ಅವರಿಗೂ ಗುಟ್ಟು ಗೊತ್ತಿತ್ತು ಅಂತ ಆಗ ತಿಳಿಯಿತು.

"ಸಾಯಕ್ಕೆ ಮುಂಚೆನಾದ್ರೂ ಯೋಳ್ಬಾರ್ದಾ?"

ಬೋರೇಗೌಡರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಯಜಮಾನ್ರೆ, ಆ ಓಟು ನಂದು."

ಸಿದ್ದೇಗೌಡರು ಅವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ನಿವೃತ್ತಿಯಾಗಿದ್ದೇನೆ, ಆದರೂ ತಲೆ ಆಡಿಸಲಿಲ್ಲ. ಆದರೆ ಅವರಿಗೆ ನನ್ನ ಮುಖದಲ್ಲೇ ಕಂಡಿರಬೇಕು.

"ಹೆಂಡ್ರು ಕಾಲು ಮುರ್ಕಂಡು ಆಚೆ ಕೂತಿದ್ಲು. ನೀನು ಒಳಗೆ ಕೂತ್ಕಂಡು ನನ್ಗೆ ಓಟಾಕ್ದೇನ್ಲಾ?"

"ಊಂ. ನೀವು ಯಾರ್ಗಾಕುದ್ರಿ?"

"ಇನ್ಯಾರ್ಗೆ? ನಿನ್ಗೇ."

ಸಿದ್ದೇಗೌಡರ ಕಣ್ಣು ತುಂಬಿಕೊಂಡಿತು. ಅವರು ಅದನ್ನು ಒರೆಸಿಕೊಳ್ಳಲು ಹೋಗಲಿಲ್ಲ.

"ಇಷ್ಟು ವರ್ಸ ನಿನ್ನ ಒಂದೋಟು ಅಂತ ಕೂಗ್ತಿದ್ದೆ ಕಣ್ಲಾ ಬೋರ. ಆ ಒಂದೋಟಿನೋನು ನಾನು. ಅದೂ ನಂದಲ್ಲ, ನೀ ಕೊಟ್ಟಿದ್ದು."

ಕೆಂಪಮ್ಮ ಟೀ ತಂದು ಮೊದಲು ಅವರ ಮುಂದೆ ಇಟ್ಟರು. ಚೈತ್ರಾಳಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಪುಟ್ಟಸ್ವಾಮಿಯವ್ರು ಇಷ್ಟು ದಿನ ಸುಳ್ಳು ಹೇಳ್ಕೊಂಡು ಟ್ರಾಕ್ಟರು ಓಡಿಸ್ಕೊಂಡ್ರಾ ತಾತ? ಹೋಗಿ ಕೇಳಲ್ವಾ ಅವ್ರನ್ನ?"

ಸಿದ್ದೇಗೌಡರು ಲೋಟ ಎತ್ತಿಕೊಂಡರು.

"ಬ್ಯಾಡ ಕಣವ್ವ, ಅವನ್ಗೆ ಯಾರೂ ಯೋಳ್ಬ್ಯಾಡಿ. ಅಯ್ಯೋ ಪಾಪ, ವಯಸ್ಸಾಗದೆ, ನಾಚ್ಕಂಡ್ಬುಡ್ತಾನೆ."